ಕಬಾಸೊನ ಬೆನ್ನ ಹಿಂದಿನ ಮಾವ

ಮುಫುಲಿರದ ನಮ್ಮ ಗಣಿ ಕಾಲೋನಿ ಫುಟ್‌ಬಾಲ್ ತಂಡದಲ್ಲಿ ಕಬಾಸೊ ನಡು ಡಿಫೆಂಡರ್, ನಾನು ಬಲಗಡೆಯವನು. ಹೊಟ್ಟೆಪಾಡಿಗೆ ಅವನು ವೆಲ್ಡರ್. ಎರಡು ಕಡೆಯೂ ಕೆಲಸ ಒಂದೇ, ಸಂದು ಕಂಡಲ್ಲಿ ಮುಚ್ಚುವುದು. ಎದುರಾಳಿಯ ಸ್ಟ್ರೈಕರನ್ನು ತೋರಿಸಿಬಿಟ್ಟರೆ ಸಾಕು, ಆ ಮನುಷ್ಯ ನೀರು ಕುಡಿಯಲು ಹೋದರೂ ಕಬಾಸೊ ಪಕ್ಕದಲ್ಲಿರುತ್ತಿದ್ದ. ಮಾತಿಲ್ಲ, ಕತೆಯಿಲ್ಲ.

ಮಾತಿಲ್ಲದ್ದು ಒಳ್ಳೆಯದೇ ಆಗಿತ್ತು. ಗೋಲ್‌ಕೀಪರ್ ಚಿಲೇಕ್ವ, ಕಬಾಸೊನ ಹೆಂಡತಿ ಬೂಪೆಯ ಸೋದರಮಾವ. ನಮ್ಮ ಬೆಂಬಾ ಜನರಲ್ಲಿ ಹೆಣ್ಣಿನ ಕಡೆಯವರು ಕರೆದು ಔತಣ ಬಡಿಸುವವರೆಗೆ ಅಳಿಯ ಅವರ ಮುಖ ನೋಡುವಂತಿಲ್ಲ, ಮಾತಾಡುವಂತಿಲ್ಲ. ಅವರೂ ಅಷ್ಟೇ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. “ಹುಡುಗ ಇನ್ನೂ ಸ್ವಲ್ಪ ಬೇಯ್ಲಿ” ಎನ್ನುತ್ತಿದ್ದ ಚಿಲೇಕ್ವ.

ಆಗ ಹೊಸ ಕೋಚ್ ಜೆರೆ ಬಂದರು. ಪೂರ್ವದ ಕಡೆಯ ಅಂಗೋನಿ ಜನಾಂಗದವರು.

“ಆಳಿನ ಹಿಂದೆ ಓಡೋದು ಬಿಡಿ. ಇನ್ಮೇಲೆ ಒಬ್ಬೊಬ್ಬರಿಗೂ ಒಂದೊಂದು ಜಾಗ. ಯಾರು ಎಲ್ಲಿಂದ ಬರ್ತಾರೆ ಅಂತ ಕೀಪರ್ ಹಿಂದಿನಿಂದ ಕೂಗ್ತಾನೆ.”

ಮೊದಲ ಪಂದ್ಯದಲ್ಲೇ ಐದು ಗೋಲು ತಿಂದೆವು. ಚಿಲೇಕ್ವ ಕೂಗುತ್ತಿದ್ದುದು ನನ್ನನ್ನು: “ಏಯ್, ಆ ನಡುವೆ ನಿಂತಿರೋರಿಗೆ ಹೇಳಪ್ಪಾ, ಎಡಗಡೆ ಒಬ್ಬ ಬರ್ತಿದ್ದಾನಂತೆ ಅಂತ!” ನಾನು ಹೇಳುವಷ್ಟರಲ್ಲಿ ಆ ಒಬ್ಬ ಬಂದು, ಹೊಡೆದು, ಕುಣಿದು ಮುಗಿಸಿರುತ್ತಿದ್ದ. ಕಾರ್ನರ್ ಚೆಂಡಿಗೆ ಮಾವ ಮುಂದೆ ಬಂದರೆ ಅಳಿಯ ಗೌರವದಿಂದ ಸರಿದು ತಲೆ ತಗ್ಗಿಸುತ್ತಿದ್ದ. ಅವರ ಗೋಲೆಲ್ಲ ನಮ್ಮ ಗೋಳು.

ಹೀಗೇ ಸೋಲುತ್ತ ಕೊನೆಯ ಪಂದ್ಯಕ್ಕೆ ಬಂದೆವು. ಅದರಲ್ಲೂ ಸೋತರೆ ಕೆಳದರ್ಜೆಗೆ.

“ಕಬಾಸೊ, ನೀನೇನು ಕಿವುಡನಾ? ಶನಿವಾರ ಬೆಂಚಲ್ಲಿ ಕೂತ್ಕೋ,” ಎಂದರು ಜೆರೆ.

ಕಬಾಸೊ ಬೂಟಿನ ದಾರ ಬಿಚ್ಚತೊಡಗಿದ. ತಡೆಯಲಾರದೆ ನಾನೇ ಮಾವ-ಅಳಿಯನ ವಿಷಯ ಹೇಳಿದೆ.

“ಅಯ್ಯೋ ಕೋತಿ ತಿನ್ನೋರಾ! ಇದನ್ನ ಮೊದಲೇ ಬೊಗಳೋಕೇನಾಗಿತ್ತು?” ಎಂದರು ಜೆರೆ.

“ಇಲಿ ತಿನ್ನೋರು ಕೇಳಿದ್ರೆ ತಾನೇ?” ಎಂದ ಚಿಲೇಕ್ವ, ಗೋಡೆಯ ಕಡೆ ಮುಖ ಮಾಡಿಕೊಂಡೇ.

ಅಂಗೋನಿಗಳು ಬೆಂಬಾಗಳಿಗೆ, ಬೆಂಬಾಗಳು ಅಂಗೋನಿಗಳಿಗೆ ಏನಂದರೂ ಕೋಪಿಸಿಕೊಳ್ಳುವಂತಿಲ್ಲ. ಹಳೆಯ ಯುದ್ಧಗಳಿಂದ ನಮಗೆ ಉಳಿದಿರುವ ಆಸ್ತಿ ಅದೊಂದೇ. ಜೆರೆ ಅದನ್ನು ಪೂರ್ತಿ ಬಳಸಿಕೊಂಡರು. ಸಂಜೆ ಬೂಪೆಯ ತವರಿಗೆ ಹೋಗಿ ಹೊಸ್ತಿಲ ಮೇಲೆ ಕುಳಿತರು.

“ಅಮ್ಮಾ, ಆ ಅಳಿಯನಿಗೆ ಬಡಿಸೋವರೆಗೂ ನಾನು ಏಳಲ್ಲ. ಹಾಗೇ ರಾತ್ರಿ ಊಟಕ್ಕೂ ಇರ್ತೀನಿ.”

ಬೇರೆ ಯಾರಾದರೂ ಆಗಿದ್ದರೆ ಒನಕೆ ಬೀಳುತ್ತಿತ್ತು. ಅತ್ತೆ ನಕ್ಕುಬಿಟ್ಟಳು. “ಈ ಇಲಿಗಳ್ಳನಿಗೆ ದಿನಾ ಹಾಕೋದಕ್ಕಿಂತ ಅಳಿಯನಿಗೆ ಒಂದು ಸಲ ಹಾಕೋದೇ ಅಗ್ಗ.”

ಶುಕ್ರವಾರ ಔತಣ. ಹೆಂಗಸರು ಹಾಡುತ್ತ ಒಂದೊಂದೇ ಮಡಕೆಯ ಮುಚ್ಚಳ ತೆಗೆದರು: ಇಡೀ ಕೋಳಿ, ಹುರಿದ ಕಂಬಳಿಹುಳು, ಕಡಲೆಕಾಯಿ ಪುಡಿ ಹಾಕಿದ ಕುಂಬಳಸೊಪ್ಪು. ಕಬಾಸೊ ಬೆವರುತ್ತ ಎಲ್ಲವನ್ನೂ ತಿಂದ. ಚಿಲೇಕ್ವ ಮೊದಲ ಬಾರಿಗೆ ಅವನನ್ನು ನೋಡಿ, “ಮುಖ ಪರವಾಗಿಲ್ಲ,” ಎಂದ.

ಶನಿವಾರ ಕಬಾಸೊ ಆಡಿದ. ಉಳಿಯಲು ಡ್ರಾ ಸಾಕಿತ್ತು. ಒಂದೂ ಗೋಲು ಬಿಡದೆ ಡ್ರಾ ಮಾಡಿದೆವು. ಮಾವ ನಾಲ್ಕು ವರ್ಷದ ಬಾಕಿ ಮಾತನ್ನೆಲ್ಲ ಒಂದೇ ಪಂದ್ಯದಲ್ಲಿ ತೀರಿಸಿದ.

“ಕಬಾಸೊ, ಎಡಕ್ಕೆ! ಸೂರು ಸೋರ್ತಿದೆಯಂತಲ್ಲೋ, ಬೂಪೆ ಹೇಳಿದ್ಳು! ಬಲಕ್ಕೆ, ಬಲಕ್ಕೆ! ಭಾನುವಾರ ಚರ್ಚಿಗೂ ಬರಲ್ವಂತೆ! ಒದಿ ಅದನ್ನ!”

ಕಬಾಸೊ ಒದ್ದ ಒಂದೊಂದು ಚೆಂಡೂ ಕಾಲೋನಿಯಾಚೆ ಬಿತ್ತು.

ಪಂದ್ಯ ಮುಗಿದು ನಾವೆಲ್ಲ ಕುಣಿಯುತ್ತಿದ್ದಾಗ ಅವನು ಕೋಚ್ ಬಳಿ ಹೋಗಿ ಮೆಲ್ಲಗೆ ಕೇಳಿದ: “ಬಾಸ್, ಮುಂದಿನ ವರ್ಷ ಹಳೇ ಪದ್ಧತಿಗೇ ಹೋಗೋಣ್ವಾ?”