ಆಂಟಿಗೆ ಕಂಡ ನರಿ

ಸ್ವಲ್ಪ ತಾಳಿ, ಇದರಲ್ಲಿ ನರಿ ಬರುತ್ತದೆ. ಅದಕ್ಕೂ ಮೊದಲು ಆಂಟಿ ಬರಬೇಕು.

ಮೆಟುಚೆನ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅವರು ಭಾನುವಾರ ನನ್ನ ಜೊತೆ ಓಕ್ ಕಾಡನ್ನು ಸುತ್ತಿ ಬರುವ ಲೂಪ್ ಹೈಕಿಗೆ ಬರುತ್ತಿದ್ದರು. ಚೂಡಿದಾರದ ಕೆಳಗೆ ಮಗನ ಹಳೆಯ ಶೂ. ಕಾಡುಹೂ ಕಂಡರೆ ಸಾಕು, “ತಾಳೋ, ಮಾತಾಡಿಸ್ಕೊಂಡ್ ಬರ್ತೀನಿ” ಎಂದು ಅದರ ಮುಂದೆ ಕೂತುಬಿಡುವರು. ಅಳಿಲಿಗೂ ಅದೇ ಉಪಚಾರ.

ಒಂದು ಭಾನುವಾರ ಮಾತ್ರ ಆತಂಕದಲ್ಲಿದ್ದರು. ಮರುದಿನ ಡ್ರೈವಿಂಗ್ ಟೆಸ್ಟ್. ರಿವರ್ಸ್ ತೆಗೆದು ಪಾರ್ಕ್ ಮಾಡಲಾಗದೆ ಎರಡು ಸಲ ಫೇಲಾಗಿದ್ದರು.

“ನರಿ ಮುಖ ನೋಡಿದ್ರೆ ಅದೃಷ್ಟ ಕಣೋ. ಇವತ್ತು ನೋಡ್ದೆ ಮನೆಗೆ ಬರಲ್ಲ.”

ಲೂಪಿನ ಕೊನೆಯ ತಿರುವಿನಲ್ಲಿ ನಿಜಕ್ಕೂ ಕೆಂಪು ನರಿಯೊಂದು ದಾರಿ ದಾಟಿತು. ಆಂಟಿ ಆಗ ನೇರಳೆ ಹೂವೊಂದನ್ನು ಮಾತಾಡಿಸುತ್ತಿದ್ದರು. ನಾನು ಕೂಗಿ, ಅವರು ತಿರುಗುವಷ್ಟರಲ್ಲಿ ಪೊದೆಯ ಹೊರಗೆ ಬಾಲವಷ್ಟೇ ಉಳಿದಿತ್ತು.

“ಅಯ್ಯೋ, ಹಿಂದ್ಗಡೆ ನೋಡಿದ್ರೆ ಏನಾಗತ್ತೋ?”

“ರಿವರ್ಸ್ ಚೆನ್ನಾಗ್ ಬರತ್ತೆ, ಆಂಟಿ.”

ಬೆನ್ನಿಗೊಂದು ಗುದ್ದು ಬಿತ್ತು.

ಮರುದಿನ ಸಂಜೆ ಅವರ ಕಾರು ನಮ್ಮ ಡ್ರೈವ್‌ವೇಗೆ ಹಿಮ್ಮುಖವಾಗಿ, ನೆಟ್ಟಗೆ ಬಂದು ನಿಂತಿತು. ಆಂಟಿ ಕಿಟಕಿ ಇಳಿಸಿದರು.

“ಬಾಲಕ್ಕೇ ಲೈಸೆನ್ಸ್ ಸಿಕ್ತು ನೋಡು. ಮುಖ ಕಂಡಿದ್ರೆ ಮ್ಯಾನ್‌ಹಟನ್‌ಗೇ ಓಡಿಸ್ಕೊಂಡ್ ಹೋಗ್ತಿದ್ದೆ.”

ನಿಮಗೆ ನರಿ ಕಂಡಿದೆಯಾ? ಮುಖವೋ, ಬಾಲವೋ? ಆಮೇಲೇನಾಯಿತು ಅಂತ ಬರೆಯಿರಿ, ಆಂಟಿಗೂ ಓದಿ ಹೇಳುತ್ತೇನೆ.