ತಗ್ಗು ಕಾರಿಗೆ ಮೊದಲು ಏನು ಮಾಡಿಸಬೇಕು

ಆ ಕಾರು ನಮ್ಮ ಮನೆಗೆ ಬಂದ ದಿನ ನನಗೆ ಎಷ್ಟು ಚೆನ್ನಾಗಿ ನೆನಪಿದೆ ಎಂದರೆ, ಆ ನೆನಪನ್ನು ನಂಬಲಿಕ್ಕೇ ಆಗುವುದಿಲ್ಲ. ನೆನಪಿನಲ್ಲಿ ನಾನು ಸಾಂಗಲಿಯಿಂದ ಕಾರನ್ನು ಒಬ್ಬನೇ ಓಡಿಸಿಕೊಂಡು ಬರುತ್ತಿದ್ದೇನೆ. ಅಂಕಲಿ ಹತ್ತಿರ ಹೊತ್ತು ಇಳಿಯುತ್ತಿದೆ. ಎರಡೂ ಬದಿ ಕಬ್ಬು ಹೂಬಿಟ್ಟು ಸೂಲಂಗಿ ಬೆಳ್ಳಗೆ ತೂಗುತ್ತಿದೆ. ಆದರೆ ಅದು ಜೂನ್ ತಿಂಗಳು. ಜೂನ್‌ನಲ್ಲಿ ಸೂಲಂಗಿ ಎಲ್ಲಿಂದ ಬರಬೇಕು? ಅದನ್ನು ನಾನು ಆಮೇಲೆ ಯಾವಾಗಲೋ ನೆಟ್ಟಿದ್ದೇನೆ. ಹೆಂಡತಿ ಹೇಳುವ ಪ್ರಕಾರ ಕಾರು ಬಂದದ್ದು ಮಟಮಟ ಮಧ್ಯಾಹ್ನ, ಟೆಂಪೋದ ಮೇಲೆ, ಬ್ಯಾಟರಿ ಸತ್ತ ಸ್ಥಿತಿಯಲ್ಲಿ. ನಾನು ಓಣಿಯ ಮೂಲೆಯಿಂದ ಟೆಂಪೋದ ಹಿಂದೆ ನಡೆದುಕೊಂಡು 'ಬರ್ಲಿ, ಬರ್ಲಿ' ಎಂದು ಕೈ ಮಾಡುತ್ತಿದ್ದೆನಂತೆ. ಅವಳ ಕಥೆಯಲ್ಲಿ ಸೂರ್ಯಾಸ್ತವಿಲ್ಲ. ಆದ್ದರಿಂದ ಅದೇ ನಿಜವಿರಬೇಕು.

ಕಾರಿನ ವಿಷಯದಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಎರಡೇ ಬಾಗಿಲು, ಎರಡೇ ಸೀಟು, ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣೂ ಇಲ್ಲ. ನಾಲ್ಕಾರು ಜನರ ಕೈ ದಾಟಿ ಬಂದ ಹಳೆಯ ಸ್ಪೋರ್ಟ್ಸ್ ಕಾರು. ನಾನು ಚಿಕ್ಕೋಡಿಯಲ್ಲಿ ಫ್ಲೆಕ್ಸ್ ಬ್ಯಾನರ್ ಮುದ್ರಿಸುವ ಅಂಗಡಿ ಇಟ್ಟವನು. ಊರಿನ ಎಲ್ಲ ಮುಖಂಡರ ಹುಟ್ಟುಹಬ್ಬವೂ ನನ್ನ ಮಷೀನಿನೊಳಗಿಂದಲೇ ಹೊರಬರುತ್ತದೆ. ಇಂಥವನಿಗೆ ಸ್ಪೋರ್ಟ್ಸ್ ಕಾರು ಯಾಕೆ ಎಂದು ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಕಾರಣ ಕೊಟ್ಟಿದ್ದೇನೆ. ಎಲ್ಲವನ್ನೂ ಆಯಾ ಹೊತ್ತಿಗೆ ಮನಃಪೂರ್ವಕ ನಂಬಿಯೇ ಕೊಟ್ಟಿದ್ದೇನೆ.

ಹೆಂಡತಿ ಕಾರಣ ಕೇಳಲಿಲ್ಲ. ಷರತ್ತು ಹಾಕಿದಳು.

"ದೀಪಾವಳಿ ಪಾಡ್ಯಕ್ಕ ಇದರಾಗ ನಾ ಶೇಡಬಾಳಕ್ಕ ಹೋಗಬೇಕು. ನಮ್ಮ ಅವ್ವನ ಬಾಗಲ ತನಕ. ನಾ ಒಳಗ ಕುಂತಿರಬೇಕು, ಗಾಡಿ ಬಾಗಲಾ ಮುಟ್ಟಬೇಕು. ಮುಟ್ಟಿತಂದ್ರ ಇರ್ಲಿ. ಇಲ್ಲಂದ್ರ ಮಾರಿಬಿಡ್ರಿ."

"ಗೇಟ್ ತನಕ ಹೋದ್ರ ನಡೀತೈತೇನ?"

"ಗೇಟಿಗೆ ಬಾಗಲಾ ಅಂತಾರೇನ್ರಿ?"

ಇದರ ಹಿಂದೆ ಒಂದು ನೋವಿತ್ತು, ನನಗೆ ಗೊತ್ತಿತ್ತು. ಪ್ರತಿ ದೀಪಾವಳಿಗೆ ಅವಳ ತಂಗಿ ಎತ್ತರದ ದೊಡ್ಡ ಗಾಡಿಯಲ್ಲಿ ಹೊಸ್ತಿಲ ಮುಂದೆ ಬಂದು ಇಳಿಯುತ್ತಿದ್ದಳು. ಆರತಿ ತಾಟು ಅವಳಿಗಾಗಿ ಬಾಗಿಲಲ್ಲಿ ಕಾಯುತ್ತಿತ್ತು. ನಾವು ಮೋಟಾರ್ ಸೈಕಲ್ ಮೇಲೆ, ರೇಷ್ಮೆ ಸೀರೆಗೆ ಟವೆಲ್ ಸುತ್ತಿಕೊಂಡು, ಮುಖವೆಲ್ಲ ಧೂಳು ಮಾಡಿಕೊಂಡು ಹೋಗುತ್ತಿದ್ದೆವು. ನಮಗೂ ಆರತಿ ಆಗುತ್ತಿತ್ತು, ಆದರೆ ಮುಖ ತೊಳೆದ ಮೇಲೆ.

ನನ್ನ ಕೈಯಲ್ಲಿ ಉಳಿದಿದ್ದದ್ದು ಒಂದೇ ಒಂದು ಕೆಲಸಕ್ಕೆ ಸಾಕಾಗುವಷ್ಟು ಹಣ. ಸ್ಪೋರ್ಟ್ಸ್ ಕಾರು ಕೊಂಡವನು ಅದನ್ನು ಇದ್ದಂತೆ ಇಟ್ಟುಕೊಂಡರೆ ಕೊಂಡೇ ಇಲ್ಲ ಎಂದು ಜನ ತಿಳಿಯುತ್ತಾರೆ. ಏನಾದರೂ ಮಾಡಿಸಬೇಕು. ಮೊದಲು ಏನು? ಫೋನಿನಲ್ಲಿ ಯಾವುದೋ ದೇಶದ ಒಬ್ಬಾತ ದಿನವೂ ನನಗೆ ಪಾಠ ಮಾಡುತ್ತಿದ್ದ: ಮೊದಲು ಟೈರು, ಆಮೇಲೆ ಬ್ರೇಕು, ಆಮೇಲೆ ಸೀಟು, ನೀವು ರೇಸ್ ಟ್ರ್ಯಾಕಿಗೆ ಹೋದಾಗ ಗೊತ್ತಾಗುತ್ತದೆ. ನಮ್ಮ ಟ್ರ್ಯಾಕು ಎಂದರೆ ಚಿಕ್ಕೋಡಿ-ನಿಪ್ಪಾಣಿ ರಸ್ತೆ. ಅಲ್ಲಿ ಮುಂದಿರುವುದು ಮೇವು ಹೇರಿದ ಬಂಡಿ, ಹಿಂದಿರುವುದು ಕೊಲ್ಹಾಪುರದ ಬಸ್ಸು. ಇಬ್ಬರಿಗೂ ನನ್ನ ಬ್ರೇಕಿನ ಗುಣಮಟ್ಟದ ಬಗ್ಗೆ ಕುತೂಹಲವಿಲ್ಲ.

ಅಂಗಡಿಗೆ ಬಂದು ಕೂಡುವ ಗೆಳೆಯ ಒಬ್ಬನಿದ್ದ, ಕೋರ್ಟಿನಲ್ಲಿ ವಕೀಲ.

"ಮೊದಲ ಸೈಲೆನ್ಸರ್ ಬದಲ ಮಾಡ್ಸೋ ಮಾರಾಯಾ. ಆವಾಜ ಬರಬೇಕು. ಆವಾಜ ಇಲ್ಲದ್ದು ಸ್ಪೋರ್ಟ್ಸ್ ಕಾರೇನ?"

"ಕಾನೂನಿನಾಗ ಕೂಡತೈತೇನ?"

"ಕೂಡೂದಿಲ್ಲ. ಕೇಸ್ ಆದ್ರ ನಾ ಅದೀನಲ್ಲ. ನಿನ್ನ ಕಡೆ ಫೀ ತಗೊಳೂದಿಲ್ಲ."

ನನಗೂ ಆವಾಜೇ ಬೇಕಿತ್ತು. ಉಳಿದದ್ದೆಲ್ಲ ವಿವೇಕ, ಆವಾಜೊಂದೇ ಆಸೆ. ನಿಪ್ಪಾಣಿಯ ಮೇಸ್ತ್ರಿಯ ಗ್ಯಾರೇಜಿಗೆ ಹೋದದ್ದೂ ಅದಕ್ಕೇ. ಮೇಸ್ತ್ರಿ ದೊಡ್ಡ ದನಿಯ ಮನುಷ್ಯ. ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿ, ಎಡಗಡೆಯ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡ. ಆಮೇಲೆ ಬಿಚ್ಚಲು ಹೋದರೆ ಬಿಚ್ಚಲಿಲ್ಲ.

"ಅರೇ, ಕಾಯ್ ಹೇ? ಸಾಹೇಬ್ರ, ನಿಮ್ಮ ಗಾಡಿ ನನ್ನ ಬಿಡವಲ್ದು!"

ಎಣ್ಣೆ ಬಿಟ್ಟು, ಗುದ್ದಿ, ಬೈದು ಹೊರಗೆ ಬಂದ. "ಈ ಬೆಲ್ಟ್ ಬದಲ ಮಾಡಬೇಕ್ರಿ" ಎಂದವನು ಮರುಗಳಿಗೆಯಲ್ಲೇ ಅದನ್ನು ಮರೆತು, "ಅದಿರ್ಲಿ, ಹಿಂದ ಒಂದು ರೆಕ್ಕಿ ಹಚ್ಚೋಣ. ರೆಕ್ಕಿ ಇಲ್ಲದ ಬೋಳ ಕಾಣಾಕತ್ತೈತಿ" ಎಂದ. ನಾನೂ ಬೆಲ್ಟನ್ನು ಬಿಟ್ಟೆ. ಅದು ರಿಪೇರಿ. ನಾನು ಯೋಚಿಸುತ್ತಿದ್ದದ್ದು ಸುಧಾರಣೆಯ ಬಗ್ಗೆ. ಸೈಲೆನ್ಸರಿಗೆ ಹೇಳಿ ಬಂದೆ. ದಸರೆ ಮುಗಿದ ಮೇಲೆ ಹಾಕುವುದೆಂದು ಮಾತಾಯಿತು.

ಅಷ್ಟರಲ್ಲಿ, ಒಮ್ಮೆ ಒಬ್ಬನೇ ಹೋಗಿ ದಾರಿ ನೋಡಿಕೊಂಡು ಬರೋಣವೆಂದು ಶೇಡಬಾಳಕ್ಕೆ ಹೊರಟೆ. ಅಂಕಲಿ ದಾಟಿತು, ಕೃಷ್ಣೆಯ ಸೇತುವೆ ದಾಟಿತು, ಕಾಗವಾಡವೂ ದಾಟಿತು. ಊರೊಳಗಿನ ಉಬ್ಬುಗಳನ್ನೆಲ್ಲ ಓರೆಯಾಗಿ ಹಾಯಿಸಿ ಗೆದ್ದೆ. ಸೋತದ್ದು ಮಾವನ ಮನೆಯ ಮುಂದೆ.

ಇದನ್ನು ಸ್ವಲ್ಪ ಹೇಳಬೇಕು. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಆ ರಸ್ತೆಯಲ್ಲಿ ಓಡುತ್ತವೆ. ತುಂಬಿಕೊಂಡು ಹೋಗುವಾಗ ನಿಧಾನ, ಖಾಲಿ ಬರುವಾಗ ಹುಚ್ಚು ವೇಗ. ಅದಕ್ಕೆ ರಸ್ತೆ ಬದಿಯ ಮನೆಯವರು ಯಾರನ್ನೂ ಕೇಳದೆ ತಮ್ಮ ತಮ್ಮ ಮನೆಯ ಮುಂದೆ ತಾವೇ ಒಂದು ಹಂಪ್ ಹಾಕಿಕೊಳ್ಳುತ್ತಾರೆ. ಮೊದಲು ಅದು ಮಕ್ಕಳು ಮರಿಗಳ ಸಲುವಾಗಿ. ಆಮೇಲೆ ಅದಕ್ಕೆ ಬೇರೆ ಅರ್ಥ ಬರುತ್ತದೆ. ಯಾರ ಮನೆಯ ಮುಂದೆ ಟ್ರ್ಯಾಕ್ಟರಿನವನು ಹೆಚ್ಚು ಬಗ್ಗುತ್ತಾನೆ ಎಂಬುದನ್ನು ಊರು ನೋಡುತ್ತಿರುತ್ತದೆ. ಮಾವನ ಗೇಟಿಗೆ ಮೊದಲು ಮಾವನ ಹಂಪ್. ಆ ಕಡೆಯಿಂದ ಬಳಸಿ ಬಂದರೆ ಬಾಜೂ ಮನೆಯವರ ಹಂಪ್. ನಡುವೆ ನಮ್ಮ ಅತ್ತೆಯ ಬಾಗಿಲು.

ಕಾರಿನ ಹೊಟ್ಟೆ 'ಕರ್' ಎಂದಿತು. ಹಿಂದಕ್ಕೆ ತೆಗೆದುಕೊಂಡು ನಿಂತೆ. ಮಾವ ಹೊರಗೆ ಬಂದರು.

"ಅಳಿಯಂದ್ರ, ಅಲ್ಲ್ಯಾಕ ನಿಂತೀರಿ? ಬರ್ರಿ ಒಳಗ."

"ಗಾಡಿ ಹತ್ತವಲ್ದ್ರಿ ಮಾಮಾ."

ಅವರು ಸೊಂಟದ ಮೇಲೆ ಕೈಯಿಟ್ಟು ಕಾರನ್ನು ಬಹಳ ಹೊತ್ತು ನೋಡಿದರು.

"ಇದು ಕುಂತೈತೋ, ನಿಂತೈತೋ?"

"ನಿಂತೈತ್ರಿ."

"ಹಂಗಾದ್ರ ಒಂದೀಟು ಎಬ್ಬಿಸ್ರಿ ಅದನ್ನ."

ಹಂಪನ್ನು ಸ್ವಲ್ಪ ಕಡಿಸಲಾದೀತೇ ಎಂದು ನಾನು ಬಾಯಿ ತೆರೆದು ಕೇಳಿಯೇಬಿಟ್ಟೆ. ನನ್ನ ಮದುವೆಯ ಮಾತುಕತೆಯಲ್ಲೂ ಅವರ ಮುಖ ಅಷ್ಟು ಗಂಭೀರವಾಗಿರಲಿಲ್ಲ.

"ಬಾಜೂದವರು ಮೊನ್ನೆ ತಮ್ಮದಕ್ಕ ಎರಡ ಬುಟ್ಟಿ ಖಡಿ ಹಾಕಿ ಎತ್ತರ ಮಾಡ್ಯಾರ. ಈಗ ನಾ ನಮ್ಮದು ಕಡದ್ರ ಊರಾಗ ಏನಂದಾರು? ನಿಮ್ಮ ಸಲುವಾಗಿ ಇಷ್ಟು ಮಾಡ್ತೀನಿ. ನಿಮ್ಮ ಗಾಡೀದು ಒಂದು ವ್ಯವಸ್ಥಾ ಆಗೂ ತನಕ ನಮ್ಮದಕ್ಕ ಏನೂ ಹಾಕೂದಿಲ್ಲ."

ಇದು ದೊಡ್ಡ ತ್ಯಾಗವೆಂದು ಆಗ ನನಗೆ ಅರ್ಥವಾಗಲಿಲ್ಲ. ಚಹಾ ಕುಡಿದು ವಾಪಸ್ಸು ಬಂದೆ.

ಹಾಗಾಗಿ ಮೊದಲ ಸುಧಾರಣೆ ಯಾವುದೆಂಬುದು ತಾನಾಗಿಯೇ ತೀರ್ಮಾನವಾಯಿತು. ಸೈಲೆನ್ಸರ್ ಬೇಡ, ಗಾಡಿ ಎತ್ತರ ಮಾಡಿಕೊಡು ಎಂದು ಮೇಸ್ತ್ರಿಗೆ ಹೇಳಿದೆ. ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಇಂಥಾ ಗಾಡಿ ತಗ್ಗ ಮಾಡ್ರಿ ಅಂತ ಪುಣೆದಾಗ ಪಾಳೆ ಹಚ್ಚತಾರ. ನೀವು ಎತ್ತಸಾಕ ಬಂದೀರಿ?"

"ಮಾವನ ಮನಿ ಹಂಪ್ ಐತಿ."

"ಹಂಗ್ ಹೇಳ್ರಿ ಮತ್ತ" ಎಂದ. ಮಾವನ ಮನೆ ಎಂದಮೇಲೆ ಅವನಿಗೆ ಬೇರೆ ಪ್ರಶ್ನೆಗಳಿರಲಿಲ್ಲ. ಅವನಿಗೂ ಒಬ್ಬ ಮಾವನಿರಬೇಕು.

ಸ್ಪ್ರಿಂಗ್ ಸಂದಿಗೆ ರಬ್ಬರ್ ಬಫರ್, ಮೇಲೊಂದು ಪ್ಯಾಕಿಂಗ್, ಸ್ವಲ್ಪ ದಪ್ಪ ಟೈರು. ಕೆಲಸ ಮುಗಿದಾಗ ಕಾರು ನಿಜಕ್ಕೂ ಎದ್ದು ನಿಂತಿತ್ತು. ಕೆಸರು ದಾಟಲು ಧೋತರ ಎತ್ತಿ ಹಿಡಿದ ಗೃಹಸ್ಥನ ಹಾಗೆ ಕಾಣುತ್ತಿತ್ತು. ತಿರುವಿನಲ್ಲಿ ಬಳುಕುತ್ತಿತ್ತು. ವಕೀಲ ನೋಡಿ, "ಇದಕ್ಕೀಗ ಸ್ಪೋರ್ಟ್ಸ್ ಅಂದ್ರ ಯಾವ ಆಟ?" ಎಂದು ಕೇಳಿದ. ಸಮಾಧಾನಕ್ಕೆ ನನ್ನದೇ ಮಷೀನಿನಲ್ಲಿ ಎರಡು ಕಪ್ಪು ಪಟ್ಟಿ ಮುದ್ರಿಸಿ ಬಾನೆಟ್ಟಿಗೆ ಅಂಟಿಸಿದೆ. ಕೈಯಿಂದ ಹಣ ಹೋಗದ ಸುಧಾರಣೆ ಅದೊಂದೇ. ಒಂದು ಪಟ್ಟಿ ಸ್ವಲ್ಪ ಸೊಟ್ಟಗಾಯಿತು.

ಹೆಂಡತಿ ಖುಷಿಯಾಗಿದ್ದಳು. ಇದು ನನ್ನ ನೆನಪು. ಅವಳು ಖುಷಿಯಾಗಿರಲಿಲ್ಲವಂತೆ, ನಿಶ್ಚಿಂತಳಾಗಿದ್ದಳಂತೆ. ಏನೇ ಇರಲಿ, ತವರಿಗೆ ಫೋನ್ ಮಾಡಿ ಹೇಳಿದಳು: "ಅವ್ವಾ, ಗಾಡಿ ಎತ್ತರ ಮಾಡ್ಸ್ಯಾರ. ಈ ಸಲ ಬಾಗಲ ತನಕ ಬರ್ತೀವಿ. ಅಪ್ಪಗೂ ಹೇಳು."

ಅವ್ವ ಅಪ್ಪನಿಗೆ ಹೇಳಿದರು.

ಪಾಡ್ಯದ ದಿನ ಬೆಳಿಗ್ಗೆ ನಾವು ಶೇಡಬಾಳ ಮುಟ್ಟಿದಾಗ ಮಾವ ಹೊಸ ಅಂಗಿ ತೊಟ್ಟು ಗೇಟಿನಲ್ಲಿ ನಿಂತಿದ್ದರು. ಅವರ ಮುಂದೆ ಹಂಪ್. ಅದು ನಾನು ಬಿಟ್ಟುಹೋದ ಹಂಪ್ ಅಲ್ಲ. ಮೈತುಂಬಾ ಸುಣ್ಣ ಬಳಿದುಕೊಂಡು, ಎರಡು ತುದಿಗೂ ಚೆಂಡುಹೂವು ಇಟ್ಟುಕೊಂಡು, ಹಬ್ಬಕ್ಕೆ ಉಂಡು ಮಲಗಿದ ಹೋರಿಯಂತೆ ರಸ್ತೆಗೆ ಅಡ್ಡವಾಗಿ ಬಿದ್ದಿತ್ತು.

"ಮಾಮಾ, ಇದೇನ್ರಿ ಇದು?"

"ನಿಮ್ಮ ಗಾಡಿ ಎತ್ತರ ಆತು ಅಂತ ಫೋನ್ ಬಂತು. ಇಷ್ಟು ದಿನ ನಿಮ್ಮ ಸಲುವಾಗೇ ಕೈ ಕಟ್ಟಿಕೊಂಡು ಕುಂತಿದ್ದಿಲ್ಲೇನು? ಮೂರ ಬುಟ್ಟಿ ಹಾಕ್ಸಿಬಿಟ್ಟೆ. ಬರ್ರಿ, ಬರ್ರಿ."

ಬಾಜೂ ಮನೆಯವರು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಮುಂದೆ ನೋಡುತ್ತಿದ್ದಳು. ಗೇಟಿನಾಚೆ ಅಂಗಳ, ಅಂಗಳದಾಚೆ ಬಾಗಿಲು, ಬಾಗಿಲಲ್ಲಿ ಅತ್ತೆ, ಅತ್ತೆಯ ಕೈಯಲ್ಲಿ ತಾಟು.

"ಹೋಗ್ರಿ" ಎಂದಳು.

ಹೋದೆ. ಮುಂದಿನ ಗಾಲಿಗಳು ಹತ್ತಿದವು, ಇಳಿದವು. ನಾನು ಗೆದ್ದೆ ಎಂದುಕೊಂಡೆ. ಆಮೇಲೆ ಕಾರು ಹೊಟ್ಟೆಯ ಮೇಲೆ ಕೂತಿತು. ಹಿಂದಿನ ಗಾಲಿಗಳು ಸುಣ್ಣದ ಪುಡಿಯನ್ನು ಗಾಳಿಗೆ ತೂರಿ ತೂರಿ ಸುಮ್ಮನಾದವು. ಅತ್ತೆ ಬಾಗಿಲಿನಿಂದಲೇ ಮಗಳನ್ನು ಕೂಗಿದರು.

"ಅವ್ವಿ, ಇಳದ ಬಾ! ನಾಲ್ಕ ಹೆಜ್ಜಿ ನಡದ ಬಂದ್ರ ಏನಾತು? ದೀಪ ಆರಾಕತ್ತೈತಿ!"

"ಇಲ್ಲವ್ವಾ, ಗಾಡಿ ಬರ್ಲಿ" ಎಂದಳು ನನ್ನ ಹೆಂಡತಿ. ಸೆರಗು ಸರಿಮಾಡಿಕೊಂಡು ಹಾಗೇ ಕೂತಳು.

ನನ್ನ ಎದೆ ತುಂಬಿ ಬಂತು. ಅವಳು ನನ್ನ ಕಾರನ್ನು ಉಳಿಸಲು ಕೂತಿದ್ದಾಳೆ! ಇಳಿದರೆ ಷರತ್ತು ಮುರಿಯುತ್ತದೆ, ಕಾರು ಹೋಗುತ್ತದೆ, ಅದಕ್ಕೇ ಇಳಿಯುತ್ತಿಲ್ಲ. ನನ್ನ ಸಂಸಾರದ ಬಗ್ಗೆ ನಾನು ಅಷ್ಟು ಗೌರವದಿಂದ ಹಿಂದೆಂದೂ ಯೋಚಿಸಿರಲಿಲ್ಲ.

ಮಾವ ಒಳಗೆ ಹೋಗಿ ಪೂಜೆಯಾದ ಟ್ರ್ಯಾಕ್ಟರನ್ನು, ಹಾರದ ಸಮೇತ, ತಾವೇ ಓಡಿಸಿಕೊಂಡು ಬಂದರು. ಸರಪಳಿ ಕಟ್ಟಿದರು. "ಅಳಿಯಂದ್ರ, ಸ್ಟೇರಿಂಗ ಹಿಡದ ಕೂಡ್ರಿ ಸಾಕು." ಎಳೆದರು. ಅಡಿಯಲ್ಲಿ ಏನೋ ಕಿತ್ತು ಬಂತು. ಕಾರು ಹಾರಿ ಇಳಿದು ಗೇಟಿನೊಳಗೆ ಹೋಯಿತು, ಸೈಲೆನ್ಸರ್ ಹಂಪಿನ ಮೇಲೆ ಚೆಂಡುಹೂವಿನ ಪಕ್ಕ ಉಳಿಯಿತು. ಸರಪಳಿ ಬಿಚ್ಚಿದ ಮೇಲೆ, ಕೊನೆಯ ನಾಲ್ಕು ಮಾರಾದರೂ ನಾನೇ ಓಡಿಸಬೇಕೆಂದು ಕೀಲಿ ತಿರುವಿದೆ. ಅಂಥ ಆವಾಜನ್ನು ಆ ಅಂಗಳ ಕೇಳಿರಲಿಲ್ಲ. ಎಮ್ಮೆ ಗೂಟ ಕಿತ್ತುಕೊಂಡಿತು. ಬಾಜೂ ಮನೆಯವರು ಕಟ್ಟೆಯಿಂದ ಇಳಿದರು. ಮಾವನ ಮುಖ ಅರಳಿತು.

"ಈಗ ನೋಡ್ರಿ ಗಾಡಿ ಆತು!"

ಹೊಸ್ತಿಲಿಗೆ ಒಂದು ಮೊಳ ಬಿಟ್ಟು ನಿಲ್ಲಿಸಿದೆ. ಅತ್ತೆ ದೀಪ ಮತ್ತೆ ಹಚ್ಚಿಕೊಂಡು ಬಂದರು.

"ಬಾಗಲಾ ಮುಟ್ಟಿತೇನ್ರಿ?" ಹೆಂಡತಿ ನನ್ನನ್ನು ಕೇಳಿದಳು.

"ಮುಟ್ಟಿತು."

"ಹಂಗಾದ್ರ ಇರ್ಲಿ ಬಿಡ್ರಿ ಗಾಡಿ" ಎಂದಳು. ಆಮೇಲೆ ದನಿ ತಗ್ಗಿಸಿ, "ಈಗ ಈ ಬೆಲ್ಟ್ ಬಿಚ್ಚ್ರಿ. ಕಾಗವಾಡದಿಂದ ಬಿಚ್ಚವಲ್ದು."

ಬಿಚ್ಚಲಿಲ್ಲ. ಎಣ್ಣೆ ಬಿಟ್ಟೆ, ಗುದ್ದಿದೆ. ಅತ್ತೆ ಕೂತ ಮಗಳಿಗೇ ಕಿಟಕಿಯೊಳಗಿಂದ ಆರತಿ ಎತ್ತಿದರು. ಕೊನೆಗೆ ಮಾವ ದ್ರಾಕ್ಷಿ ಬಳ್ಳಿ ಕತ್ತರಿಸುವ ಕತ್ತರಿ ತಂದು, ಬಳ್ಳಿಯ ಗಂಟು ಹುಡುಕುವವರಂತೆ ಒಂದು ಕಣ್ಣು ಮುಚ್ಚಿ ನೋಡಿ, ಬೆಲ್ಟನ್ನು ಕಚಕ್ಕನೆ ಕತ್ತರಿಸಿ ಮಗಳನ್ನು ಹೊರಗೆ ತೆಗೆದರು.

ಮರುದಿನ ಅದೇ ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಕಾರು ಹಂಪ್ ದಾಟಿ ಚಿಕ್ಕೋಡಿಗೆ ಬಂತು. ಈಗಲೂ ನಮ್ಮಲ್ಲೇ ಇದೆ. ಆಮೇಲೆ ನಾನು ಮೊದಲು ಮಾಡಿಸಿದ್ದು ಎಡಗಡೆಯ ಬೆಲ್ಟ್. ಅವಳು ಅಂದು ನನ್ನ ಕಾರಿಗಾಗಿ ಕೂತಿದ್ದಳೋ, ಬೆಲ್ಟ್ ಬಿಚ್ಚಲು ಬಾರದ್ದಕ್ಕೆ ಕೂತಿದ್ದಳೋ? ಎಷ್ಟೋ ಸಲ ಕೇಳಿದ್ದೇನೆ. "ಮುಟ್ಟಿತಲ್ಲಾ, ಮತ್ತೇನು?" ಎನ್ನುತ್ತಾಳೆ. ನನ್ನ ನೆನಪಿನಲ್ಲಿ ಅವಳು ಹಂಪಿನ ಮೇಲೆ ಕೂತಾಗ ಸಣ್ಣಗೆ ನಗುತ್ತಿದ್ದಾಳೆ, ಹಿಂದೆ ಕಬ್ಬಿನ ಸೂಲಂಗಿ ತೂಗುತ್ತಿದೆ. ಆ ಮನೆಯ ಎದುರಿಗಿರುವುದು ದ್ರಾಕ್ಷಿ ತೋಟ.