ಮೂರು ಚಕ್ರ, ಹಿಂದಿನ ಸೀಟು

ಸುಮ್ಮನೆ ಕೂರುವುದು ನನ್ನ ಮೈಗೆ ಒಗ್ಗಿದ್ದಲ್ಲ. ಬಸ್ ಸ್ಟಾಪಿನಲ್ಲಿ ಐದು ನಿಮಿಷ ನಿಂತರೆ ಆರನೇ ನಿಮಿಷಕ್ಕೆ ಮುಂದಿನ ಸ್ಟಾಪಿಗೆ ನಡೆದುಬಿಡುವವನು ನಾನು. ಅಂಥವನ ಎಡಗಾಲಿಗೆ ರಾಡ್ ಹಾಕಿ, ಇನ್ನು ಈ ಮಂಡಿ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಡಾಕ್ಟರ ಮೇಲೆ, ರಾಡಿನ ಮೇಲೆ, ಪಕ್ಕದ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದ ಮನುಷ್ಯನ ಮೇಲೆ. ಅವನೇನು ಮಾಡಿದ್ದ ಪಾಪ.

ಆಗ ತುಮಕೂರು ರಸ್ತೆಯಲ್ಲಿ ಫ್ಲೈಓವರ್ ಕೆಲಸ ನಡೆಯುತ್ತಿತ್ತು. ಒಂದು ಸಂಜೆ ದಾಸರಹಳ್ಳಿ ಹತ್ತಿರ ನನ್ನ ಬೈಕು ಬಿತ್ತು. ಹಿಂದೆ ನನ್ನ ಹೆಂಡತಿ ಕೂತಿದ್ದಳು. ಅವಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ, ಪುಣ್ಯ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಲೇತಿನಿಂದ ಬಂದ ಮಾಲನ್ನು ಅಳೆದು ಪಾಸು ಅಥವಾ ರಿಜೆಕ್ಟು ಎಂದು ಹೇಳುವ ಕೆಲಸ. ಅವಳು ಅದೇ ದಾರಿಯಲ್ಲಿ ಒಂದು ಗಾರ್ಮೆಂಟ್ಸಿನಲ್ಲಿದ್ದಳು. ನಾಲ್ಕು ವರ್ಷ ದಿನಾ ಬೆಳಗ್ಗೆ ಅವಳನ್ನು ಅವಳ ಗೇಟಿನಲ್ಲಿ ಇಳಿಸಿ ನಾನು ಮುಂದೆ ಹೋಗುತ್ತಿದ್ದೆ. ಬಿದ್ದ ಮೇಲೆ ಅವಳು ಬಸ್ಸಿನಲ್ಲಿ ಹೋಗತೊಡಗಿದಳು, ನಾನು ಆಟೋದಲ್ಲಿ. ಬೈಕು ಮೆಟ್ಟಿಲ ಕೆಳಗೆ ಟಾರ್ಪಾಲು ಹೊದ್ದು ನಿಂತಿತ್ತು. ಅದರ ಸುದ್ದಿಯನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ. ಮತ್ತೆ ಅವಳನ್ನು ಹಿಂದೆ ಕೂರಿಸಿಕೊಂಡು ಹೋಗಿ ಆ ಗೇಟಿನಲ್ಲಿ ಇಳಿಸಬೇಕು. ಆದರೆ ಅವಳು ಕೂರುತ್ತಾಳಾ? ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಕೇಳುವ ಧೈರ್ಯ ಇರಲಿಲ್ಲ. ಕೇಳುವ ಬದಲು ಗಾಡಿಯ ಪ್ಲಾನ್ ಹಾಕಿದೆ.

ಬೈಕಿನ ಹಿಂದಿನ ಒಂದು ಚಕ್ರ ತೆಗೆದು ಎರಡು ಚಕ್ರ ಹಾಕಿಸುವುದು, ಎಡಗಾಲಲ್ಲಿ ಹಾಕುತ್ತಿದ್ದ ಗೇರನ್ನು ಕೈಗೆ ತರಿಸುವುದು, ನೆಟ್ಟಗೆ ಚಾಚಿದ ಕಾಲಿಗೆ ಒಂದು ಹಲಗೆ ಕೊಡಿಸುವುದು, ಇಷ್ಟೇ. ನಿಂತಾಗ ಕಾಲೂರುವ ಗೊಡವೆ ಇಲ್ಲ, ಬೀಳುವ ಮಾತೂ ಇಲ್ಲ. ಗ್ರಾಫ್ ಕಾಗದ ತಂದು ಗೀಚಿದೆ, ಹರಿದೆ, ಮತ್ತೆ ಗೀಚಿದೆ. ಚಕ್ರದಿಂದ ಚಕ್ರಕ್ಕೆ ಎಷ್ಟು ಅಗಲ, ಸೀಟು ಎಷ್ಟು ಎತ್ತರ, ಎಲ್ಲವೂ ಮಿಲಿಮೀಟರಿನಲ್ಲಿ. ಗಾಡಿಯಲ್ಲಿ ಒಂದೇ ಒಂದು ದೋಷ ಇಲ್ಲದಿದ್ದರೆ ಅವಳು ತಾನಾಗಿ ಬಂದು ಕೂರುತ್ತಾಳೆ ಎಂದು ನನ್ನ ಲೆಕ್ಕ. ಕಾಗದವನ್ನು ಅವಳ ಮುಂದೆ ಹಿಡಿದರೆ ಹುರುಳಿಕಾಯಿ ನಾರು ತೆಗೆಯುತ್ತಾ, "ನಿಮಗೆ ಸರಿ ಅನ್ಸಿದ್ದು ಮಾಡಿ" ಅನ್ನುತ್ತಿದ್ದಳು. ಮೈಯೆಲ್ಲ ಉರಿದುಹೋಗುತ್ತಿತ್ತು ನನಗೆ.

ಮಾಡಿಕೊಡುವವನನ್ನು ಹುಡುಕುವುದೇ ಒಂದು ದೊಡ್ಡ ಕಥೆ. ಅತ್ತಿಬೆಲೆಯಲ್ಲಿ ಒಬ್ಬನಿದ್ದಾನೆ ಎಂದು ಯಾರೋ ಹೇಳಿದರು. ಊರಿನ ಈ ತುದಿಯಿಂದ ಆ ತುದಿಗೆ ಮೂರು ಬಸ್ಸು ಬದಲಿಸಿ, ಚಾಚಿದ ಕಾಲನ್ನು ದಾಟುವವರಿಗೆಲ್ಲ "ಸ್ವಲ್ಪ ನೋಡ್ಕೊಂಡು ಹೋಗ್ರೀ" ಅನ್ನುತ್ತಾ ಹೋದೆ. ಅವನು ತೋರಿಸಿದ ಗಾಡಿ ಮಿರಮಿರ ಮಿಂಚುತ್ತಿತ್ತು. ನಾನು ಕೆಳಗೆ ಬಗ್ಗಿ ಬೆಸುಗೆಯ ಮೇಲೆ ಉಗುರಿನಿಂದ ಕೆರೆದೆ. ಪೇಂಟಿನ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ತೂತು.

"ಇದೇನಣ್ಣ ಇದು?" ಅಂದೆ.

"ಅದು ಕಾಣಲ್ಲ ಬಿಡಿ ಸಾರ್."

"ಕಾಣದೆ ಇರೋದಕ್ಕೇ ಕೇಳ್ತಿರೋದು!"

ಮತ್ತೆ ಮೂರು ಬಸ್ಸು ಹತ್ತಿ ಮನೆಗೆ ಬಂದೆ.

ಎರಡನೆಯವನು ಪೀಣ್ಯದಲ್ಲೇ ಇದ್ದ, ನಮ್ಮ ಕಾರ್ಖಾನೆಯಿಂದ ನಾಲ್ಕು ರಸ್ತೆ ಆಚೆ. ಬಾಯಿ ಬಿಟ್ಟರೆ ಮಾತಿನ ಮಲ್ಲ. "ಗುರು, ಒಂದು ವಾರ ಕೊಡು, ಸಕ್ಕತ್ತಾಗಿ ಮಾಡ್ಕೊಡ್ತೀನಿ. ಆರ್‌ಟಿಓ ತಲೆನೋವು ನಂಗಿರ್ಲಿ." ಅವನು ಆಗಲೇ ಮಾಡಿ ನಿಲ್ಲಿಸಿದ್ದ ಗಾಡಿಯ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಎರಡೂ ಚಕ್ರಕ್ಕೆ ದಾರ ಎಳೆದು ಅಳೆದೆ. ಎರಡೂ ಬದಿ ಸಮ ಇರಬೇಕು. ಒಂದು ಬದಿ ಹನ್ನೆರಡು ಮಿಲಿಮೀಟರು ಹೆಚ್ಚಿತ್ತು.

"ಹನ್ನೆರಡು ಎಂಎಂಗೆ ಯಾರು ಗುರು ತಲೆ ಕೆಡಿಸ್ಕೊಳ್ತಾರೆ?"

"ನಾನು ಕೆಡಿಸ್ಕೊಳ್ತೀನಿ. ಹಿಂದೆ ಕೂರೋರು ನಮ್ಮನೆಯವರು."

"ಹಂಗಾದ್ರೆ ಅವ್ರನ್ನೇ ಕರ್ಕೊಂಡ್ಬಾ, ಕೇಳಣ" ಎಂದು ನಕ್ಕ. ದಾರ ಸುತ್ತಿ ಜೇಬಿಗೆ ಹಾಕಿಕೊಂಡು ಎದ್ದುಬಿಟ್ಟೆ. ಆ ನಗು ನಾಲ್ಕು ದಿನ ಕಿವಿಯಲ್ಲೇ ಕೂತಿತ್ತು.

ಒಂದು ಭಾನುವಾರ ಸಿಂಗಸಂದ್ರದಲ್ಲಿರುವ ನನ್ನ ಹೆಂಡತಿಯ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆವು. ಊಟ ಆಯಿತು. ಅಕ್ಕತಂಗಿಯರು ಮಾತಿಗೆ ಕೂತರು. ಕೂರಲಾಗದೆ ನಾನು ಗೇಟಿಗೆ ಬಂದೆ. ಆಗ ಎದುರಿನ ಸಣ್ಣ ಅಡ್ಡರಸ್ತೆಯಿಂದ ಮೂರು ಚಕ್ರದ ಸ್ಕೂಟರೊಂದು ಬಂತು. ಓಡಿಸುತ್ತಿದ್ದವನ ಎರಡೂ ಕಾಲು ಸಣಕಲು, ಊರುಗೋಲು ಪಕ್ಕಕ್ಕೆ ಸಿಕ್ಕಿಸಿತ್ತು. ಕಾರುಗಳೇ ಹಿಂದೆಮುಂದೆ ಆಡಿ ತಿರುಗುವ ಜಾಗದಲ್ಲಿ ಆ ಮನುಷ್ಯ ಒಂದೇ ಸುತ್ತಿಗೆ ತಿರುಗಿ ಹೋದ. ನಾನು ಕೋಲು ಹಿಡಿದು ಅವನ ಬೆನ್ನು ಹತ್ತಿದೆ. "ರೀ, ಎಲ್ಲಿಗ್ರೀ?" ಎನ್ನುತ್ತಾ ಅವಳೂ ಬಂದಳು.

ಎರಡು ತಿರುವು ಆಚೆ ಅವನ ಶೆಡ್ಡು. ವಿಜಾಪುರದ ಕಡೆಯವನು. ಚಿಕ್ಕಂದಿನಲ್ಲೇ ಪೋಲಿಯೊ ಆದದ್ದು. ತನಗೆ ಬೇಕಾದ ಗಾಡಿಯನ್ನು ತಾನೇ ಮಾಡಿಕೊಂಡು, ಆಮೇಲೆ ತನ್ನಂಥವರಿಗೂ ಮಾಡಿಕೊಡುತ್ತಾ ಬಂದವನು.

"ಬರ್ರಿ ಸರ, ಕುಂದರ್ರಿ" ಅಂದ. ಯಾವಾಗಲೂ ಜೇಬಿನಲ್ಲೇ ಇರುತ್ತಿದ್ದ ಗ್ರಾಫ್ ಕಾಗದವನ್ನು ನಾನು ಬಿಚ್ಚಿದೆ. ಕಾಗದ ನೋಡಲೇ ಇಲ್ಲ ಅವನು. "ಹಿಂದ ಯಾರ್ ಕುಂದರ್ತಾರ್ರಿ?" ಎಂದು ಕೇಳಿದ.

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಶೆಡ್ಡಿನ ಮೂಲೆಯಲ್ಲಿದ್ದ ಟೈರುಗಳನ್ನು ನೋಡುತ್ತಿದ್ದಳು.

"ಅದಿನ್ನೂ ಗೊತ್ತಿಲ್ಲ" ಅಂದೆ.

"ಹಂಗಾರ ಮೊದಲ ನನ್ನ ಗಾಡಿ ಓಡಿಸಿ ನೋಡ್ರಿ. ಆಮ್ಯಾಲ ಮಾತಾಡೂಣು."

ಹಿಂದೆಯೇ ಹೊಸದಾಗಿ ಮಾಡಿದ ಲೇಔಟು. ರಸ್ತೆ ಇದೆ, ಮನೆಗಳಿಲ್ಲ, ಸೈಟಿನ ಕಲ್ಲುಗಳಷ್ಟೇ. ಗೇರಿಲ್ಲದ ಸ್ಕೂಟರು, ಹ್ಯಾಂಡಲಿನ ಕಿವಿ, ಅಂದರೆ ಆಕ್ಸಿಲರೇಟರು, ತಿರುಗಿಸಿದರೆ ಸಾಕು. ಇಪ್ಪತ್ತು ವರ್ಷ ಬೈಕು ಓಡಿಸಿದವನಿಗೆ ಇದೇನು ಮಹಾ ಎಂದು ಹೊರಟೆ. ಮೊದಲ ಎಡ ತಿರುವಿನಲ್ಲಿ ನನ್ನ ಮೈ ಎಡಕ್ಕೆ ವಾಲಿತು. ಗಾಡಿ ವಾಲಲಿಲ್ಲ. ನೆಟ್ಟಗೆ ಹೋಗಿ ಮರಳಿನ ರಾಶಿಗೆ ಗುದ್ದಿತು.

"ಹ್ಯಾಂಡಲ್ ಸರಿ ಇಲ್ಲ ಇದು!" ಎಂದು ಕೂಗಿದೆ. ಅವನು ಊರುಗೋಲು ಹಾಕಿಕೊಂಡು ಬರುವಷ್ಟರಲ್ಲಿ ಜೇಬಿನಿಂದ ದಾರ ತೆಗೆದು ಅಳೆಯತೊಡಗಿದ್ದೆ. ಎರಡು ಸಲ ಅಳೆದೆ. ಮೂರನೇ ಸಲ ಅವಳ ಕೈಗೆ ಒಂದು ತುದಿ ಕೊಟ್ಟು ಅಳೆದೆ. ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಗಾಡಿ ಬರೋಬರಿ ಐತ್ರಿ ಸರ" ಅಂದ ಅವನು. "ಬೈಕ್ ಓಡಿಸಿದವ್ರೆಲ್ಲಾ ಮೊದಲ ಹಿಂಗ ಗುದ್ದೂದು. ಮೈ ಹೊಳ್ಳಿದ್ರ ಗಾಡಿ ಹೊಳ್ಳತೈತಿ ಅಂತ ನಿಮ್ಗ ರೂಢಿ ಬಿದ್ದೈತಿ. ಇಲ್ಲಿ ಕೈಲೆ ಹೊಳ್ಳಿಸ್ಬೇಕ್ರಿ. ನಾ ಎರಡು ಗಾಲಿ ಮ್ಯಾಲ ಕುಂತಾವನ ಅಲ್ಲ, ನನಗೇನೂ ಮರೀಬೇಕಾಗಿದ್ದಿಲ್ಲ."

ನನ್ನ ಹೆಂಡತಿ ಸೈಕಲ್ಲನ್ನೂ ಮುಟ್ಟಿದವಳಲ್ಲ. "ನಾನು ನೋಡ್ಲಾ?" ಅಂದಳು. ತಮಾಷೆ ಎಂದುಕೊಂಡೆ. ಆದರೆ ಅವಳು ಸೆರಗು ಸಿಕ್ಕಿಸಿಕೊಂಡು ಕೂತೇಬಿಟ್ಟಳು. ಅವನು ಬ್ರೇಕು ಯಾವುದು, ಕಿವಿ ಯಾವುದು ಎಂದು ತೋರಿಸಿದ. ನಾನು ಹಿಂದಿನ ಸೀಟಿಗೆ ಹತ್ತಿದೆ, ಕಾಲು ಪಕ್ಕಕ್ಕೆ ಚಾಚಿಕೊಂಡು. ಅವಳು ಹೊರಟಳು. ಮರಳಿನ ರಾಶಿ ಬಂತು. ಹ್ಯಾಂಡಲ್ ತಿರುಗಿಸಿದಳು, ಗಾಡಿ ತಿರುಗಿತು. ಅಷ್ಟೇ.

"ನಿಧಾನ! ನಿಧಾನ ಕಣೇ!" ಎಂದು ನಾನು ಅರಚುತ್ತಿದ್ದೆ. ನಡೆಯುವವರೂ ನಮ್ಮನ್ನು ದಾಟಿ ಹೋಗಬಹುದಾಗಿದ್ದ ವೇಗ ಅದು. ಆದರೂ ನನಗೆ ಭಯ. ಮುಂದೇನು ಬರುತ್ತದೋ ಕಾಣುವುದಿಲ್ಲ, ಕೈಯಲ್ಲಿ ಏನೂ ಇಲ್ಲ, ಅವಳ ಬೆನ್ನು ಮಾತ್ರ. ಇಪ್ಪತ್ತು ವರ್ಷದಲ್ಲಿ ನಾನು ಯಾರ ಹಿಂದೆಯೂ ಕೂತಿರಲಿಲ್ಲ. ರಸ್ತೆಯ ಕೊನೆಗೆ ಅವಳು ಗಾಡಿ ನಿಲ್ಲಿಸಿದಳು.

"ನನ್ನ ಹಿಂದೆ ಕೂತಾಗ ನಿಂಗೂ ಹಿಂಗೇ ಭಯ ಆಗ್ತಿತ್ತಾ?" ಎಂದು ಕೇಳಿದೆ. ಬಾಯಿಂದ ಬಂದುಬಿಟ್ಟಿತು.

ಅವಳು ತಿರುಗಿ ನೋಡಲಿಲ್ಲ. "ದಿನಾ" ಅಂದಳು.

"ಬಿದ್ದ ಮೇಲಾ?"

"ಬಿದ್ದ ಮೇಲೆ ಕೂತಿದ್ದೆಲ್ಲಿ? ಮೊದಲ ದಿನದಿಂದ." ಹ್ಯಾಂಡಲ್ ಬಿಡದೆ ಹೇಳಿದಳು: "ಅವತ್ತು ನಿಧಾನ ಅಂತ ಎರಡು ಸಲ ಹೇಳಿದ್ದೆ. ಗಾಳಿಗೆ ಕೇಳಿಸಲಿಲ್ವೇನೋ ಅಂದ್ಕೊಂಡಿದೀನಿ."

ಆಸ್ಪತ್ರೆಯಲ್ಲಿ, ಕಾರ್ಖಾನೆಯಲ್ಲಿ, ಅವಳ ಅಕ್ಕನ ಮನೆಯಲ್ಲಿ, ಎಲ್ಲರ ಹತ್ತಿರವೂ ಜಲ್ಲಿಯ ಮೇಲೆ ಚಕ್ರ ಜಾರಿತು ಎಂದು ಹೇಳಿದ್ದೆ. ಜಲ್ಲಿ ಇತ್ತು, ಸುಳ್ಳಲ್ಲ. ಮುಂದಿದ್ದ ಟೆಂಪೊವನ್ನು ಹಿಂದೆ ಹಾಕಲೇಬೇಕೆಂದು ಆ ಜಲ್ಲಿಯ ಮೇಲೆ ನುಗ್ಗಿಸಿದವನು ನಾನು. ಅವಳು ಯಾರ ಮುಂದೆಯೂ ಒಂದು ಮಾತು ಆಡಿರಲಿಲ್ಲ. ನನಗೂ ಒಂದು ದಾರಿ ಬಿಟ್ಟುಕೊಟ್ಟಿದ್ದಳು, ಗಾಳಿಯ ನೆಪ.

"ಕೇಳಿಸಿತ್ತು" ಅಂದೆ.

ಅವಳು ಗಾಡಿಯಿಂದ ಇಳಿದಳು. ಹೊರಟೇಬಿಡುತ್ತಾಳೆ ಎಂದುಕೊಂಡೆ. "ಮುಂದೆ ಬನ್ನಿ, ನೀವು ಓಡಿಸಿ" ಅಂದಳು. "ನಾನು ನಿಲ್ಸಿ ಅಂದಾಗ ನಿಲ್ಲಿಸ್ಬೇಕು."

ಹತ್ತು ಮಾರು ಹೋಗಿರಲಿಲ್ಲ, "ನಿಲ್ಸಿ." ನಿಲ್ಲಿಸಿದೆ. ಎದುರಿಗೆ ಏನೂ ಇರಲಿಲ್ಲ. ಮತ್ತೆ ಹೊರಟೆ. ತಿರುವಿನಲ್ಲಿ ಕೈಯಿಂದಲೇ ತಿರುಗಿಸಿದೆ, ಗಾಡಿ ಮಾತು ಕೇಳಿತು. "ನಿಲ್ಸಿ." ನಿಲ್ಲಿಸಿದೆ. ಆಮೇಲೆ ನೆಟ್ಟಗಿನ ರಸ್ತೆ ಬಂತು. ಗಾಳಿ ಮುಖಕ್ಕೆ ಬಡಿಯಿತು, ಎಷ್ಟೋ ತಿಂಗಳ ಮೇಲೆ. ಕೈ ತಾನಾಗಿ ಕಿವಿ ತಿರುಗಿಸಿತು. "ನಿಲ್ಸಿ" ಅಂದಳು. ಕೇಳಿಸಿತು. ಇನ್ನೊಂದು ಚೂರು, ಅಲ್ಲಿ ಕಾಣುವ ಆ ಕಲ್ಲಿನ ತನಕ ಮಾತ್ರ, ಎಂದುಕೊಂಡು ಕಲ್ಲಿನ ಹತ್ತಿರ ನಿಲ್ಲಿಸಿದೆ.

ಅವಳು ಇಳಿದಳು. ಶೆಡ್ಡಿನ ಕಡೆ ನಡೆದುಹೋದಳು. ನಾನು ಅಲ್ಲೇ ಕೂತು ನನ್ನನ್ನೇ ಬಾಯಿಗೆ ಬಂದಂತೆ ಬೈದುಕೊಂಡೆ. ಕಾರ್ಖಾನೆಯಲ್ಲಾಗಿದ್ದರೆ ಇಂಥ ಮಾಲನ್ನು ನಾನೇ ರಿಜೆಕ್ಟಿನ ಕೆಂಪು ಡಬ್ಬಿಗೆ ಹಾಕುತ್ತಿದ್ದೆ. ಆಮೇಲೆ ಗಾಡಿ ತಿರುಗಿಸಿಕೊಂಡು ನಿಧಾನಕ್ಕೆ ಹಿಂದೆ ಹೋದೆ.

ಶೆಡ್ಡಿನ ಮುಂದೆ ಅವಳು ಅವನ ಹತ್ತಿರ ಮಾತಾಡುತ್ತಿದ್ದಳು. "ಹಿಂದಿನ ಸೀಟು ಹಾಕಿ ಅಣ್ಣ. ನಾನೇ ಕೂರೋದು. ಒಂದು ಬ್ರೇಕ್ ಹಿಂದೆ ನನ್ನ ಕೈಗೂ ಕೊಡೋಕಾಗುತ್ತಾ?"

ಅವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ. "ಇಷ್ಟ್ ವರ್ಷದಾಗ ಯಾರೂ ಇದನ್ನ ಕೇಳಿಲ್ರಿ ಅಕ್ಕಾರ" ಅಂದ. "ಆದ್ರ ಆಗ್ತೈತ್ರಿ. ಸರ್ ಒಪ್ಪಬೇಕು."

ಹಿಂದೆ ಕೂತವರ ಕೈಯಲ್ಲಿ ಬ್ರೇಕು ಇರುವುದು ಗಾಡಿಗೆ ಒಳ್ಳೆಯದಲ್ಲ ಎಂದು ಹೇಳಲು ನನ್ನ ಹತ್ತಿರ ನಾಲ್ಕು ಕಾರಣಗಳಿದ್ದವು. ನಾಲ್ಕೂ ಸರಿಯಾದ ಕಾರಣಗಳೇ. "ಹಾಕಿ" ಅಂದೆ.

ಎರಡು ತಿಂಗಳಿಗೆ ಗಾಡಿ ಬಂತು. ದಾರ ಹಿಡಿದು ನೋಡಲಿಲ್ಲ. ಎಡ ಬದಿಯಲ್ಲಿ, ಹಿಂದೆ ಕೂತವರ ಕೈಗೆ ಸಿಗುವ ಹಾಗೆ ಒಂದು ಸಣ್ಣ ಕಂಬಿ, ಅದಕ್ಕೆ ಬ್ರೇಕಿನ ಲಿವರು. ಮೊದಲ ವಾರ ದಾಸರಹಳ್ಳಿ ಬಂದಾಗಲೆಲ್ಲ ಅವಳು ಅದನ್ನು ಒತ್ತಿದಳು. ಹಿಂದಿನ ಗಾಡಿಯವರು ಹಾರ್ನ್ ಹೊಡೆದು ನನಗೆ ಬೈದರು, ಬೈಸಿಕೊಂಡೆ. ಆಮೇಲಾಮೇಲೆ ಒತ್ತುವುದು ಕಡಿಮೆಯಾಯಿತು. ಈಗ ತಿಂಗಳುಗಟ್ಟಲೆ ಒತ್ತುವುದೇ ಇಲ್ಲ. ಬೆಳಗ್ಗೆ ಅವಳನ್ನು ಅವಳ ಗೇಟಿನಲ್ಲೇ ಇಳಿಸುತ್ತೇನೆ. ಮದುವೆಯಾದ ಹೊಸತರಲ್ಲಿ ಬೈಕಿನ ಮೇಲೆ ಅವಳ ಕೈ ನನ್ನ ಹೆಗಲ ಮೇಲೆ ಇರುತ್ತಿತ್ತು. ಈಗ ಇಳಿಯುವ ತನಕ ಆ ಲಿವರಿನ ಮೇಲೆ ಇರುತ್ತದೆ.